ಮುಟ್ದೇ ಇಟ್ಟ ಪ್ಲಾಸ್ಟಿಕ್ ಮೇಲೆ ಅಂಟು, ಬಿಳಿ ಪುಡಿ ಎಲ್ಲಿಂದ ಬರುತ್ತೆ?

ಪ್ರಶ್ನೆ: ಡ್ರಾಯರ್‌ನಲ್ಲಿ ಇಟ್ಟು ಮರೆತಿದ್ದ ಪ್ಲಾಸ್ಟಿಕ್ ಸಾಮಾನು ತೆಗೆದ್ರೆ ಕೆಲವು ಅಂಟಂಟು, ಕೆಲವಕ್ಕೆ ಬಿಳಿ ಪುಡಿ. ಒರೆಸಿದ್ರೂ ಮತ್ತೆ ಬರುತ್ತೆ. ಇದು ಫಂಗಸ್ಸಾ?

ಉತ್ತರ: ಹೆಚ್ಚಾಗಿ ಅಲ್ಲ. ಒಳಗಿದ್ದದ್ದೇ ಆಚೆ ಬಂದಿರುತ್ತೆ.

ಪ್ಲಾಸ್ಟಿಕ್‌ನಲ್ಲಿರೋ ಪಾಲಿಮರ್ ಅಂದ್ರೆ ಸರಪಳಿ ತರದ ಉದ್ದುದ್ದ ಅಣುಗಳ ಗೋಜಲು, ಅದನ್ನ ಮೆತ್ತಗೆ ಮಾಡೋಕೆ, ಜಾರೋ ಹಾಗೆ ಮಾಡೋಕೆ ಬೆರೆಸೋ ಸಣ್ಣ ಅಣುಗಳೇ ಅಡಿಟಿವ್‌ಗಳು, ಇವು ಸರಪಳಿಗೆ ಕಟ್ಟಿಕೊಂಡಿರಲ್ಲ, ಸಂದು ಸಿಕ್ಕಿದ ಕಡೆ ನುಸುಳ್ತಾ ಇರ್ತವೆ. ಬಿಸಿ ಪ್ಲಾಸ್ಟಿಕ್‌ನಲ್ಲಿ ಚೆನ್ನಾಗಿ ಕರಗಿದ್ದು ಆರಿದ್ಮೇಲೆ ಹಿಡಿಸೋದಕ್ಕಿಂತ ಜಾಸ್ತಿ ಆಗೋಗುತ್ತೆ, ಸಕ್ಕರೆ ಪಾಕ ತಣ್ಣಗಾದ್ರೆ ಹರಳು ಕಟ್ಟುತ್ತಲ್ಲ ಹಂಗೆ. ಜೊತೆಗೆ ಸರಪಳಿಗಳು ಒತ್ತಾಗಿ ಜೋಡಿಸ್ಕೊಂಡಿರೋ ಹರಳಿನ ಭಾಗದಲ್ಲಿ ಇವಕ್ಕೆ ಜಾಗಾನೇ ಇಲ್ಲ. ಮಿಕ್ಕಿದ್ದು ಮೇಲ್ಮೈಗೆ ಬರುತ್ತೆ. ಬೆಚ್ಚಗಿದ್ರೆ ಓಡಾಟ ಜೋರು, ಆದ್ರೆ ಕರಗೋದೂ ಜಾಸ್ತಿ, ಅದಕ್ಕೇ ತುಂಬಾ ಬಿಸಿ ಇದ್ದಾಗ್ಲೇ ಪುಡಿ ಜಾಸ್ತಿ ಬರಬೇಕು ಅಂತೇನಿಲ್ಲ.

ಎಷ್ಟೋ ಸಲ ಇದನ್ನ ಬೇಕಂತಲೇ ಮಾಡ್ತಾರೆ. ಪಾಲಿಥೀನ್ ಫಿಲ್ಮ್‌ಗೆ 0.05ರಿಂದ 0.2 ಶೇಕಡಾದಷ್ಟು ಎರುಕಮೈಡ್ ಅನ್ನೋ ಜಾರಿಸೋ ಅಡಿಟಿವ್ ಹಾಕ್ತಾರೆ, ಅದು ಮೇಲೆ ಬಂದು ಪದರ ಕಟ್ಟಿದ್ರೇನೇ ಕವರ್‌ಗಳು ಒಂದರ ಮೇಲೊಂದು ಜಾರೋದು.

ಎರಡು ಪಾಲಿಮರ್ ಬೆರೆಸಿದ ಬ್ಲೆಂಡ್‌ನಲ್ಲಿ ಕಥೆ ಇನ್ನೂ ಮಜಾ. ಬಹುಪಾಲು ಜೋಡಿಗಳು ಪೂರ್ತಿ ಬೆರೆಯಲ್ಲ, ಬೇರೆ ಬೇರೆ ತುಣುಕುಗಳಾಗೇ ಇರ್ತವೆ, ಅಡಿಟಿವ್ ತನಗೆ ಹೊಂದೋ ಕಡೆ ಹೋಗಿ ಸೇರ್ಕೊಳ್ಳುತ್ತೆ. ಮೇಲ್ಮೈ ಹತ್ರ ಇರೋ ಪಾಲಿಮರ್‌ಗೆ ಅದು ಹೊಂದದಿದ್ರೆ ಬೇಗ ಆಚೆ ಬರುತ್ತೆ, ಒಳಗಿನ ತುಣುಕಿಗೆ ಹೊಂದಿದ್ರೆ ಅಲ್ಲೇ ಸಿಕ್ಕಾಕೊಂಡು ಮೇಲೆ ಬರೋದೇ ಇಲ್ಲ, ಆಗ 'ಅಡಿಟಿವ್ ಕೆಲಸ ಮಾಡ್ತಿಲ್ಲ' ಅಂತ ಇನ್ನಷ್ಟು ಸುರೀತಾರೆ. ಇನ್ನು ಪಿವಿಸಿ ಅನ್ನೋ ಪ್ಲಾಸ್ಟಿಕ್‌ನ ಮೆತ್ತಗೆ ಮಾಡೋಕೆ ಸಣ್ಣ ಅಣುವಿನ ಎಣ್ಣೆ ಬದಲು ನೈಟ್ರೈಲ್ ರಬ್ಬರ್ ಬೆರೆಸಿದ್ರೆ, ಅದೂ ಉದ್ದ ಸರಪಳಿಯೇ ಆಗಿರೋದ್ರಿಂದ ಸುಲಭಕ್ಕೆ ಕದಲಲ್ಲ, ಮೆತ್ತಗಿರೋದು ಉಳಿಯುತ್ತೆ. ನನ್ ಪ್ರಕಾರ ಇದೇ ಜಾಣತನ.

ಮನೇಲೇ ನೋಡ್ಬೇಕಾ? ಪಿವಿಸಿ ಇರೇಸರ್‌ನ ಪ್ಲಾಸ್ಟಿಕ್ ಸ್ಕೇಲ್ ಮೇಲೆ ತಿಂಗಳುಗಟ್ಟಲೆ ಬಿಡಿ, ಎಷ್ಟೋ ಸಲ ಕಚ್ಕೊಂಡು ಗುಳಿ ಬಿದ್ದಿರುತ್ತೆ. ಇರೇಸರ್ ಒಳಗಿನ ಪ್ಲಾಸ್ಟಿಸೈಜರ್, ಅಂದ್ರೆ ಮೆತ್ತಗೆ ಮಾಡೋ ಅಡಿಟಿವ್, ಸ್ಕೇಲ್‌ಗೆ ದಾಟಿ ಅದನ್ನೇ ಮೆತ್ತಗೆ ಮಾಡಿರುತ್ತೆ. ಇರೇಸರ್‌ಗೆ ಕಾಗದದ ಕವಚ ಹಾಕೋದು ಇದಕ್ಕೂ ಸೇರಿ.

ಒಂದು ಎಚ್ಚರ: ಹಳೇ ಗ್ಯಾಜೆಟ್‌ಗಳ ರಬ್ಬರ್ ತರದ ಕೋಟಿಂಗ್ ಅಂಟಂಟಾಗೋದು ಬೇರೆ ರೋಗ, ಅಲ್ಲಿ ತೇವಕ್ಕೆ ಕೋಟಿಂಗ್‌ನ ಪಾಲಿಯುರೆಥೇನ್ ಅನ್ನೋ ಪಾಲಿಮರ್‌ನ ಸರಪಳಿನೇ ತುಂಡಾಗಿರುತ್ತೆ, ಒರೆಸಿದ್ರೆ ಕೋಟಿಂಗೇ ಕಿತ್ಕೊಂಡು ಬರುತ್ತೆ.