ಹಲಗೆಯೋ, ಕೊರಡೋ?

ಮಟನ್ ಅಂಗಡಿಯ ಕೊರಡನ್ನು ಎಂದಾದರೂ ಗಮನಿಸಿದ್ದೀರಾ? ಹುಣಸೆ ಮರದ ಕಾಂಡವನ್ನು ಅಡ್ಡಕ್ಕೆ ಕುಯ್ದು, ಕುಯ್ದ ಮುಖ ಮೇಲೆ ಬರುವಂತೆ ನಿಲ್ಲಿಸಿರುತ್ತಾರೆ. ವರ್ಷಗಟ್ಟಲೆ ಕತ್ತಿಯ ಏಟು ಬಿದ್ದರೂ ಅದು ಸೀಳುವುದಿಲ್ಲ. ಅದೇ ಮರದ ಹಲಗೆಯನ್ನು ಇಟ್ಟಿದ್ದರೆ ಎಂಟೇ ದಿನಕ್ಕೆ ಸಿಬಿರು ಎದ್ದು ಮಾಂಸಕ್ಕೆ ಅಂಟುತ್ತಿತ್ತು. ಮರದ ಮೇಲೆ ಚಿತ್ರ ಕೆತ್ತಿ ಅಚ್ಚು ಹಾಕುವುದನ್ನು ಕಲಿಯಲು ನನ್ನಲ್ಲಿಗೆ ಬರುವವರಿಗೆ ಮೊದಲ ದಿನ ನಾನು ಉಳಿ ಕೊಡುವುದಿಲ್ಲ, ಆ ಅಂಗಡಿಗೆ ಹೋಗಿ ಕೊರಡು ನೋಡಿ ಬನ್ನಿ ಎನ್ನುತ್ತೇನೆ. ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ತೆಂಗಿನ ಕಡ್ಡಿಯ ಪೊರಕೆ ತೋರಿಸುತ್ತೇನೆ. ಕಟ್ಟಿನ ಪಕ್ಕಕ್ಕೆ ಚಾಕು ಹಾಕಿದರೆ ಕಡ್ಡಿಗಳು ಎದ್ದು ಬರುತ್ತವೆ. ಬಿಗಿಯಾಗಿ ಕಟ್ಟಿದ ಬುಡದ ತುದಿಗಳ ಮೇಲೆ ಗೀರಿದರೆ ಎಲ್ಲ ದಿಕ್ಕಿಗೂ ಒಂದೇ ಸಮ. ಮರವೂ ನಾರುಗಳ ಇಂಥದೇ ಕಟ್ಟು.

ವುಡ್‌ಕಟ್ ಮತ್ತು ವುಡ್ ಎನ್‌ಗ್ರೇವಿಂಗ್ ಎಂಬ ಎರಡು ಹೆಸರುಗಳನ್ನು ಪ್ರದರ್ಶನಗಳ ಚೀಟಿಗಳಲ್ಲಿ ಕೂಡ ಒಂದಕ್ಕೊಂದು ಬದಲಾಗಿ ಬರೆದಿರುತ್ತಾರೆ. ವುಡ್‌ಕಟ್ ಆಗುವುದು ಹಲಗೆಯ ಮೇಲೆ, ಚಾಕು ಮತ್ತು ಉಳಿಗಳಿಂದ. ಎನ್‌ಗ್ರೇವಿಂಗ್ ಆಗುವುದು ಕೊರಡಿನ ಕುಯ್ದ ಮುಖದ ಮೇಲೆ, ಲೋಹದ ಕೆತ್ತನೆಗಾರರು ಬಳಸುವ ಬ್ಯೂರಿನ್ ಎಂಬ ಮೊನೆಯಿಂದ. ಎರಡರಲ್ಲೂ ಶಾಯಿ ಹತ್ತುವುದು ಉಳಿದ ಮೇಲ್ಮೈಗೆ, ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಇಷ್ಟರಲ್ಲಿ ಮಾತ್ರ ಇವು ಒಂದೇ ಮನೆಯ ಮಕ್ಕಳು.

ಹಲಗೆಯ ಕಷ್ಟ ಅರಿಯಬೇಕಾದರೆ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನ ಘೇಂಡಾಮೃಗದ ವುಡ್‌ಕಟ್ ನೋಡಬೇಕು. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟಿದ್ದ ಆ ಪ್ರಾಣಿ 1515ರ ಜನವರಿಯಲ್ಲಿ ಗೋವಾದಿಂದ ಹಡಗು ಹತ್ತಿ ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ನ್ಯೂರೆಂಬರ್ಗಿನಲ್ಲಿದ್ದ ಡ್ಯೂರರ್ ಅದನ್ನು ಕಣ್ಣಾರೆ ಕಾಣಲೇ ಇಲ್ಲ. ಒಂದು ಪತ್ರ ಮತ್ತು ಯಾರೋ ಬರೆದ ರೇಖಾಚಿತ್ರವನ್ನು ನಂಬಿ, ಮೈಮೇಲೆ ಕವಚ ತೊಟ್ಟಂತಹ, ಬೆನ್ನಿನ ಮೇಲೆ ಇನ್ನೊಂದು ಪುಟ್ಟ ಕೊಂಬಿರುವ ಮೃಗವನ್ನು ಬಿಡಿಸಿದ. ಅದೇ ವರ್ಷ ಅಚ್ಚಾದ ಆ ಚಿತ್ರವನ್ನು ಯೂರೋಪು ಇನ್ನೂರು ವರ್ಷಕ್ಕೂ ಮೀರಿ ನಿಜವೆಂದೇ ನಂಬಿತು. ನನ್ನ ಕಣ್ಣು ಮಾತ್ರ ಹೋಗುವುದು ಕವಚದ ಮೇಲಿನ ಸಣ್ಣ ಸಣ್ಣ ಗೆರೆಗಳ ಕಡೆಗೆ. ಹಲಗೆಯಲ್ಲಿ ಒಂದು ಕಪ್ಪು ಗೆರೆ ನಿಲ್ಲಬೇಕಾದರೆ ಅದರ ಎರಡೂ ಬದಿಯ ಮರವನ್ನು ತೆಗೆಯಬೇಕು. ನಾರಿನ ಜೊತೆಗೆ ಸಾಗುವ ಗೆರೆ ಸಲೀಸು. ನಾರಿಗೆ ಅಡ್ಡ ಬಂದ ಗೆರೆ ಮುರಿದುಬೀಳಲು ಕಾದಿರುತ್ತದೆ. ಸುತ್ತು ಗೆರೆಯಂತೂ ಒಂದು ಸುತ್ತಿನಲ್ಲಿ ಎರಡು ಸಲ ನಾರಿಗೆ ಅಡ್ಡ ಬರುತ್ತದೆ. ಕನ್ನಡದ ದುಂಡಕ್ಷರಗಳನ್ನು ಹಲಗೆಯಲ್ಲಿ ಕೆತ್ತಲು ಹೋದವರಿಗೆ ಈ ಸಂಕಟ ಗೊತ್ತು. ‘ಅ’ ಮುಗಿಸುವಷ್ಟರಲ್ಲಿ ಅದರ ಹೊಟ್ಟೆಯೇ ಎಗರಿಹೋಗಿರುತ್ತದೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಿದ ಮೇಲೆ.

ಆ ಘೇಂಡಾಮೃಗದ ಹಲಗೆ ಡ್ಯೂರರ್ ತೀರಿಕೊಂಡ ಮೇಲೂ ಕೈಯಿಂದ ಕೈಗೆ ದಾಟಿ ಮತ್ತೆ ಮತ್ತೆ ಅಚ್ಚಾಯಿತು. ಕೊನೆಯ ಕಾಲದ ಪ್ರತಿಗಳಲ್ಲಿ ಹುಳು ಕೊರೆದ ತೂತುಗಳಿವೆ, ಪ್ರಾಣಿಯ ಕಾಲುಗಳನ್ನು ಹಾದು ಓಡುವ ಒಂದು ಬಿರುಕೂ ಇದೆ. ಹಲಗೆ ಬಿರಿಯುವುದು ಯಾವಾಗಲೂ ನಾರಿನ ಗುಂಟ. ಯಾವ ಪ್ರತಿ ಮೊದಲಿನದು, ಯಾವುದು ಆಮೇಲಿನದು ಎಂದು ಸಂಗ್ರಹಕಾರರು ಹೇಳುವಾಗ ಈ ಬಿರುಕೂ ತೂತುಗಳೂ ನೆರವಿಗೆ ಬರುತ್ತವೆ.

ಜಪಾನಿನವರೂ ಹಲಗೆಯವರೇ. ಚೆರಿ ಮರ, ನೀರಿನ ಬಣ್ಣ, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಆ ಕಥೆ ಇನ್ನೊಂದು ಅಂಕಣಕ್ಕೆ.

ಕೊರಡಿನ ಕಡೆಗೆ ಬರೋಣ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಥಾಮಸ್ ಬ್ಯೂಯಿಕ್ ಎಂಬ ಹುಡುಗ 1767ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಲೋಹದ ಕೆತ್ತನೆಗಾರನೊಬ್ಬನ ಬಳಿ ಕೆಲಸಕ್ಕೆ ಸೇರಿದ. ಕುಯ್ದ ಮುಖದಲ್ಲಿ ಕೆತ್ತುವುದು ಅವನು ಕಂಡುಹಿಡಿದದ್ದೇನೂ ಅಲ್ಲ. ಆದರೆ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಮೇಲೆ ಲೋಹದ ಉಪಕರಣ ಹಿಡಿದು ಅವನು ಮಾಡಿದ್ದನ್ನು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. 1790ರಲ್ಲಿ ಚತುಷ್ಪಾದಿ ಪ್ರಾಣಿಗಳ ಪುಸ್ತಕ, 1797 ಮತ್ತು 1804ರಲ್ಲಿ ಹಕ್ಕಿಗಳ ಎರಡು ಸಂಪುಟಗಳು ಬಂದವು. ಅವನ ಹಕ್ಕಿಯ ಎದೆಯ ಮೇಲೆ ಒಂದೊಂದು ಪುಕ್ಕವನ್ನೂ ಎಣಿಸಬಹುದೇನೋ ಅನ್ನಿಸುತ್ತದೆ.

ಬ್ಯೂಯಿಕ್ ಕಪ್ಪು ಗೆರೆಯನ್ನು ಉಳಿಸಲು ಒದ್ದಾಡಲಿಲ್ಲ. ಮೊನೆ ಓಡಿದ ಗೆರೆಯನ್ನೇ ಚಿತ್ರವಾಗಿಸಿದ. ಅವನದು ಕಪ್ಪಿನ ಮೇಲೆ ಬಿಳಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸತೇ? ಸಗಣಿ ಸಾರಿಸಿದ ಅಂಗಳದಲ್ಲಿ ರಂಗೋಲಿ ಎಳೆಯುವ ಕೈ ಮಾಡುವುದೂ ಇದನ್ನೇ. ಪೆನ್ಸಿಲ್ ಹಿಡಿದು ಪಳಗಿದ ಕಲಾಶಾಲೆಯ ಹುಡುಗರಿಗಿಂತ, ದಿನಾ ರಂಗೋಲಿ ಹಾಕುವವರು ನನ್ನಲ್ಲಿ ಬೇಗ ಕಲಿತಿದ್ದಾರೆ. ಪೆನ್ಸಿಲಿನವರು ನೆರಳನ್ನು ಯೋಚಿಸುತ್ತಾರೆ, ಇಲ್ಲಿ ಯೋಚಿಸಬೇಕಾದ್ದು ಬೆಳಕನ್ನು.

ದೂರದ ಬೆಟ್ಟವೋ ಮೋಡವೋ ಬರುವ ಕಡೆ ಬ್ಯೂಯಿಕ್ ಮರದ ಮುಖವನ್ನು ಮೊದಲೇ ಕೂದಲೆಳೆಯಷ್ಟು ಕೆರೆದು ತಗ್ಗಿಸುತ್ತಿದ್ದ, ಆಮೇಲೆ ಕೆತ್ತುತ್ತಿದ್ದ. ಅಲ್ಲಿ ಒತ್ತಡ ಕಡಿಮೆ ಬಿದ್ದು ಕಪ್ಪು ಶಾಯಿ ಬೂದಾಗಿ ಇಳಿಯುತ್ತದೆ. ಒಂದೇ ಶಾಯಿ, ಒಂದೇ ಒತ್ತು, ಆದರೂ ಬೆಟ್ಟ ಹಿಂದೆ ಸರಿಯುತ್ತದೆ! ನಾನು ಇದನ್ನು ಮಾಡಲು ಹೋಗಿ ಕೆಡಿಸಿದ ಬ್ಲಾಕುಗಳಿಗೆ ಲೆಕ್ಕವಿಲ್ಲ. ತುಸು ಹೆಚ್ಚು ಕೆರೆದರೆ ಬೆಟ್ಟವೇ ಮಾಯ.

ಇಷ್ಟೆಲ್ಲ ಚಂದವಿದ್ದರೂ ಹತ್ತೊಂಬತ್ತನೆಯ ಶತಮಾನದ ಪುಸ್ತಕ, ಪತ್ರಿಕೆಗಳನ್ನು ಈ ಕಲೆ ಆಳಿದ್ದು ಚಂದದಿಂದಲ್ಲ, ಎತ್ತರದಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಚ್ಚುಮೊಳೆಯ ಎತ್ತರ ಸುಮಾರು 23.3 ಮಿಲಿಮೀಟರ್. ಮರದ ಬ್ಲಾಕನ್ನೂ ಅಷ್ಟೇ ಎತ್ತರಕ್ಕೆ ಕುಯ್ದರೆ ಅಕ್ಷರಗಳ ನಡುವೆಯೇ ಕೂರಿಸಿ ಒಂದೇ ಏಟಿಗೆ ಪುಟ ಅಚ್ಚು ಮಾಡಬಹುದು. ತಾಮ್ರದ ತಗಡಿನಲ್ಲಿ ಶಾಯಿ ನಿಲ್ಲುವುದು ಗೀರಿನ ಒಳಗೆ. ಅದಕ್ಕೆ ಬೇರೆಯೇ ಯಂತ್ರ, ಬೇರೆಯೇ ಒತ್ತಡ, ಎರಡನೆಯ ಸಲದ ಕೂಲಿ. ಬಾಳಿಕೆಯಲ್ಲೂ ತಾಮ್ರ ಸೋತಿತು. ಪತ್ರಿಕೆಗೆಂದು ಕೆತ್ತಿದ ತನ್ನ ಒಂದು ಬ್ಲಾಕು ಒಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಕೊಟ್ಟಿತೆಂದು ಬ್ಯೂಯಿಕ್ ತಾನೇ ಲೆಕ್ಕ ಹಾಕಿದ್ದ.

ಬಾಕ್ಸ್‌ವುಡ್‌ನ ಕಾಂಡ ಸಣ್ಣದು. ದೊಡ್ಡ ಚಿತ್ರ ಬೇಕಾದಾಗ ತುಂಡುಗಳನ್ನು ಬೋಲ್ಟು ಹಾಕಿ ಬಿಗಿಯುತ್ತಿದ್ದರು. 1842ರಲ್ಲಿ ಶುರುವಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಂತಹ ವಾರಪತ್ರಿಕೆಗಳಿಗೆ ಅವಸರ ಬೇರೆ. ಹಾಗಾಗಿ ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ಹಂಚಿ, ನೀರು ತುಂಬಿದ ಗಾಜಿನ ಬುರುಡೆಯಿಂದ ದೀಪದ ಬೆಳಕನ್ನು ಕೇಂದ್ರೀಕರಿಸಿಕೊಂಡು ರಾತ್ರಿಯಿಡೀ ಕೆತ್ತಿಸುತ್ತಿದ್ದರು. ಹಳೆಯ ಸಂಚಿಕೆ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಆಕಾಶದ ನಡುವೆ ಕೂದಲಿನಂತಹ ನೇರ ಬಿಳಿ ಗೆರೆ ಕಂಡರೆ ಅದೇ ಆ ಬೆಸುಗೆ.

ಶತಮಾನದ ಕೊನೆಗೆ, ಕೈ ಕೆತ್ತನೆಯಿಲ್ಲದೆ ಫೋಟೋ ಮೂಲಕವೇ ಲೋಹದ ಅಚ್ಚು ಮಾಡುವ ಫೋಟೋ ಬ್ಲಾಕು ಬಂದು ಈ ಕೆಲಸಗಾರರ ಅನ್ನ ಕಿತ್ತುಕೊಂಡಿತು. ಕೂಲಿ ಹೋದ ಮೇಲೆಯೇ ಕಲಾವಿದರು ಇದನ್ನು ಸ್ವಂತಕ್ಕೆ ಎತ್ತಿಕೊಂಡದ್ದು. ನಮ್ಮ ದೇಶದಲ್ಲಿ ನೋಡಲೇಬೇಕಾದವರು ಬಂಗಾಳದ ಹರೇನ್ ದಾಸ್ (1921–1993). ಅಂಗೈಯಗಲದ ಬ್ಲಾಕಿನಲ್ಲಿ ಹೊಲ, ಎತ್ತು, ದೋಣಿ, ಸಂಜೆ ಬೆಳಕು ಎಲ್ಲವನ್ನೂ ಹಿಡಿದ ಕೈ ಅದು.

ಬಾಕ್ಸ್‌ವುಡ್ ನನಗೆ ಕೈಗೆಟಕುವ ಬೆಲೆಯಲ್ಲಿ ಸಿಗುವುದಿಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರದ ತುಂಡುಗಳನ್ನು ತಂದು ನೋಡುತ್ತಿದ್ದೇನೆ. ಬಿಳಿ, ನಯ, ನಾರು ಒತ್ತೊತ್ತು. ತುದಿಗೆ ಮೇಣ ಬಳಿದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ಅವಸರಪಟ್ಟರೆ ನಡುವಿನಿಂದ ನಕ್ಷತ್ರದಂತೆ ಬಿರಿಯುತ್ತದೆ. ಆಮೇಲೆ ಉಪ್ಪುಕಾಗದದಿಂದ ಗಾಜಿನಂತೆ ಆಗುವವರೆಗೆ ಉಜ್ಜಬೇಕು. ಈ ಬಾರಿ ತಂದ ಮೂರರಲ್ಲಿ ಎರಡು ಬಿರಿದವು. ಮೂರನೆಯದರ ಮೇಲೆ ನಿನ್ನೆ ಒಂದು ‘ಅ’ ಕೆತ್ತಿ, ಶಾಯಿ ಹಚ್ಚಿ, ಚಮಚದ ಬೆನ್ನಿನಿಂದ ಕಾಗದ ಉಜ್ಜಿ ತೆಗೆದೆ. ಹೊಟ್ಟೆ ಎಗರಿರಲಿಲ್ಲ.