ಥೈರಾಯ್ಡ್ ಗಡ್ಡೆ: ಜೀನ್ ಟೆಸ್ಟ್ ಯಾರಿಗೆ ಬೇಕು?

ಮೈಸೂರಿನ ನಮ್ಮ ಲ್ಯಾಬ್‌ಗೆ ಮದ್ದೂರು, ನಾಗಮಂಗಲದ ಕಡೆಯಿಂದಲೂ ಕತ್ತಿನ ಗಡ್ಡೆಯ ಸ್ಯಾಂಪಲ್ ಬರುತ್ತವೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತಿದ್ದರೆ ಮನೆಯವರು ಮೊದಲು ಕೇಳುವುದು, 'ಡಾಕ್ಟ್ರೇ, ಮಕ್ಳಿಗೂ ಬತ್ತದಾ?' ಈಚೆಗೆ ಇದರ ಹಿಂದೆಯೇ, 'ಜೀನ್ ಟೆಸ್ಟ್ ಮಾಡಿಸಿಬಿಡೋಣ್ವಾ?'

ಎಲ್ಲರಿಗೂ ಬೇಡ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುವುದು ಪ್ಯಾಪಿಲ್ಲರಿ. ಇದರಲ್ಲಿ ಹೆಚ್ಚಾಗಿ ಕೆಟ್ಟಿರುವುದು ಬ್ರಾಫ್ ಎಂಬ ಜೀನ್. ಅದರ ಪ್ರೊಟೀನಿನ 600ನೇ ಜಾಗದಲ್ಲಿ ವ್ಯಾಲೀನ್ ಬದಲು ಗ್ಲುಟಾಮಿಕ್ ಆಮ್ಲ ಬಂದು ಕೂತಿರುತ್ತದೆ. ಸ್ಟಾರ್ಟರ್ ಆನ್‌ನಲ್ಲೇ ಸಿಕ್ಕಿಕೊಂಡ ಪಂಪ್‌ಸೆಟ್ ಹಾಗೆ, ಜೀವಕೋಶ ಬೆಳೆಯುತ್ತಲೇ ಹೋಗುತ್ತದೆ. ಆದರೆ ಈ ಬದಲಾವಣೆ ಇರುವುದು ಗಡ್ಡೆಯೊಳಗೆ ಮಾತ್ರ. ಅದು ಮಕ್ಕಳಿಗೆ ಹೋಗುವುದಿಲ್ಲ. ಗಡ್ಡೆ ಚಿಕ್ಕದಿದ್ದು ಥೈರಾಯ್ಡ್ ಒಳಗೇ ಇದ್ದರೆ, ಬ್ರಾಫ್ ಇದ್ದರೂ ಇಲ್ಲದಿದ್ದರೂ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗದು. ಜೊತೆಗೆ ಟರ್ಟ್ ಜೀನೂ ಕೆಟ್ಟಿದ್ದರೆ ಮಾತ್ರ ನಾನು ಸ್ವಲ್ಪ ಹುಷಾರಾಗುತ್ತೇನೆ.

ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆಯ ಥೈರಾಯ್ಡ್ ಗಡ್ಡೆಯಲ್ಲಂತೂ ಜೀನ್ ಒಂದನ್ನೇ ನಂಬುವಂತಿಲ್ಲ. ರಾಸ್ ಜೀನಿನ ದೋಷ ಕ್ಯಾನ್ಸರಿನಲ್ಲೂ ಇರುತ್ತದೆ, ನಿರಪಾಯದ ಗಡ್ಡೆಯಲ್ಲೂ ಇರುತ್ತದೆ. ಗಡ್ಡೆ ತನ್ನ ಪೊರೆಯನ್ನೋ ರಕ್ತನಾಳವನ್ನೋ ಕೊರೆದಿದೆಯೇ ಅಂತ ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ಸೂಜಿ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಹಾಗಾದರೆ ಯಾರಿಗೆ ಬೇಕೇ ಬೇಕು? ಮೆಡುಲ್ಲರಿ ಅಂತ ಬಂದವರಿಗೆ. ಇದು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ತಯಾರಿಸುವ ಸಿ-ಕೋಶಗಳ ಕ್ಯಾನ್ಸರ್, ಅಪರೂಪದ್ದು. ಸುಮಾರು ನಾಲ್ಕರಲ್ಲಿ ಒಂದು ಕಡೆ ಇದು ಮನೆತನದ್ದು. ಕಾರಣ ರೆಟ್ ಜೀನ್. ಈ ನಂಟು 1993ರಲ್ಲೇ ಗೊತ್ತಾಯಿತು. ಇಲ್ಲಿ ದೋಷ ಗಡ್ಡೆಯಲ್ಲಷ್ಟೇ ಅಲ್ಲ, ಮೈಯ ಪ್ರತಿ ಜೀವಕೋಶದಲ್ಲೂ ಇರುತ್ತದೆ. ಹಾಗಾಗಿ ರಕ್ತ ಕೊಟ್ಟರೆ ಸಾಕು. ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. 'ನಮ್ಮ ಮನೇಲಿ ಯಾರಿಗೂ ಇಲ್ಲ' ಅಂದರೂ ನಾನು ರೆಟ್ ಪರೀಕ್ಷೆ ಬಿಡುವುದಿಲ್ಲ. ಕತ್ತಿನ ಗಡ್ಡೆ ಅಂತ ಸುಮ್ನೆ ಬಿಟ್ಟುಕೊಂಡ ಅಜ್ಜಿಯಂದಿರು ನಮ್ಮ ಕಡೆ ಕಡಿಮೆಯೇ?

ದೋಷ ಜೀನಿನ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಮಗುವಿನ ಆಪರೇಷನ್ ಸಮಯ ನಿಂತಿದೆ. 634ನೇ ಜಾಗವಾದರೆ ಐದು ವರ್ಷದೊಳಗೆ ಥೈರಾಯ್ಡ್ ತೆಗೆಯುತ್ತಾರೆ. 918 ಆದರೆ ಮೊದಲ ವರ್ಷದಲ್ಲೇ. ದೊಡ್ಡವರಿಗೆ ಆಪರೇಷನ್ ಮುಂಚೆ, ಇದೇ ದೋಷದಿಂದ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೂ ಗಡ್ಡೆ ಇದೆಯೇ ಅಂತ ನೋಡಲೇಬೇಕು. ಅದು ಇದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ವಿಪರೀತ ಏರಿ ಜೀವಕ್ಕೇ ಅಪಾಯ.

ಅಪ್ಪ ಅಥವಾ ಅಮ್ಮನಲ್ಲಿ ಸಿಕ್ಕ ದೋಷ ಮಗುವಿನ ರಕ್ತದಲ್ಲಿ ಇಲ್ಲದಿದ್ದರೆ, ಆ ಮಗುವಿಗೆ ವರ್ಷವರ್ಷ ಸ್ಕ್ಯಾನೂ ಬೇಡ, ಕ್ಯಾಲ್ಸಿಟೋನಿನ್ ಪರೀಕ್ಷೆಯೂ ಬೇಡ.