ಬಟವಾಡೆಯ ದಿನ, ಮಧ್ಯಾಹ್ನದ ನಿದ್ದೆ

ಗಾರೆ ಕೆಲಸದವರ ಮನಸ್ಸಿನ ಆರೋಗ್ಯ ಅಂದ ಕೂಡಲೇ ಕೌನ್ಸೆಲಿಂಗ್ ಶಿಬಿರದ ಮಾತು ಬರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಬಟವಾಡೆ ಯಾವತ್ತು? ದುಡಿದ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದಕ್ಕೂ ತಲೆ ಎಷ್ಟು ನೆಟ್ಟಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ನಂಟಿದೆ. ಒಡಿಶಾದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಕೂಲಿ ಸಿಗದ ತಿಂಗಳುಗಳಲ್ಲಿ, ಕೈ ಖಾಲಿಯಾಗಿದ್ದವರಿಗೆ ಎಲೆ ಹೊಲಿದು ತಟ್ಟೆ ಮಾಡುವ ಕೆಲಸ ಕೊಟ್ಟರು. ತಟ್ಟೆಗಿಷ್ಟು ಅಂತ ದರ, ಎಲ್ಲರಿಗೂ ಒಂದೇ. ಕೆಲವರಿಗೆ ಅಲ್ಲಿವರೆಗಿನ ಕೂಲಿಯನ್ನು ನಡುವೆಯೇ ಕೊಟ್ಟರು. ಉಳಿದವರಿಗೆ ಕೊನೆಯಲ್ಲಿ ಒಟ್ಟಿಗೆ. ಮೊದಲೇ ದುಡ್ಡು ಸಿಕ್ಕವರು ಬೇಗನೆ ಸಾಲ ತೀರಿಸಿದರು. ಆಮೇಲೆ ಅವರ ಕೆಲಸ ಸುಮಾರು ಶೇ. 7ರಷ್ಟು ಚುರುಕಾಯಿತು, ತಪ್ಪುಗಳೂ ಕಡಿಮೆಯಾದವು. ಸಾಲದ ಚಿಂತೆ ಗಮನವನ್ನು ಒಳಗೊಳಗೇ ತಿನ್ನುತ್ತಿತ್ತು ಅಂತ ಸಂಶೋಧಕರು ಹೇಳುತ್ತಾರೆ. ಅಲ್ಲಿ ಗಮನ ತಪ್ಪಿದರೆ ಒಂದು ತಟ್ಟೆ ಹಾಳು. ಎಂಟನೇ ಮಹಡಿಯ ಸಾರುವೆ ಮೇಲೆ ನಿಂತವನಿಗೆ?

ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬರುವ ಎಷ್ಟೋ ಮಂದಿ ಮೇಸ್ತ್ರಿಯಿಂದ ಮುಂಗಡ ಪಡೆದೇ ಬಸ್ಸು ಹತ್ತಿರುತ್ತಾರೆ. ಅಂದರೆ ಮೊದಲ ದಿನದ ಕೆಲಸವೇ ಸಾಲ ತೀರಿಸೋಕೆ.

ಇನ್ನು ನಿದ್ದೆ. ಚೆನ್ನೈಯಲ್ಲಿ ಕಡಿಮೆ ಆದಾಯದ 452 ಮಂದಿಯ ಮೇಲೆ ಒಂದು ಅಧ್ಯಯನ ನಡೆಯಿತು. ಅವರು ಹಾಸಿಗೆಯಲ್ಲಿರುತ್ತಿದ್ದುದು ಸುಮಾರು 8 ಗಂಟೆ, ನಿಜವಾಗಿ ನಿದ್ದೆ ಮಾಡುತ್ತಿದ್ದುದು ಐದೂವರೆ ಗಂಟೆ. ಸೆಕೆ, ಸೊಳ್ಳೆ, ಗದ್ದಲ. ರಾತ್ರಿ ನಿದ್ದೆಯನ್ನು ಅರ್ಧ ಗಂಟೆಯಷ್ಟು ಹೆಚ್ಚಿಸಿದರೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ಮಧ್ಯಾಹ್ನ ನೆಮ್ಮದಿಯ ಜಾಗದಲ್ಲಿ ಅರ್ಧ ಗಂಟೆ ಮಲಗಲು ಬಿಟ್ಟಾಗ ಮನಸ್ಸೂ ಹಗುರಾಯಿತು, ಕೆಲಸವೂ ಸುಧಾರಿಸಿತು. ಒಡೆದ ನಿದ್ದೆ ಎಷ್ಟು ಹೊತ್ತಾದರೂ ಅಷ್ಟಕ್ಕಷ್ಟೇ, ಅಲ್ವಾ? ಕಟ್ಟಡದ ಪಕ್ಕದ ತಗಡಿನ ಶೆಡ್‌ಗಳಲ್ಲಿ ಪರಿಸ್ಥಿತಿ ಹೇಗಿರಬಹುದು ಯೋಚಿಸಿ. ಹೆಂಗಸರಿಗೆ ನಿದ್ದೆ ಇನ್ನೂ ಕಡಿಮೆ, ಕೆಲಸಕ್ಕೆ ಮುಂಚೆ ಅಡುಗೆ, ನೀರು ಎಲ್ಲ ಆಗಬೇಕಲ್ಲ. ಮೈಕೈ ನೋವಿಗೆ ಅಂತ ಸಂಜೆ ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಿಜ. ಆದರೆ ಮದ್ಯ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ.

ಇದೆಲ್ಲ ಸೇರಿ ಎಲ್ಲಿಗೆ ಮುಟ್ಟಬಹುದು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,64,033. ಅವರಲ್ಲಿ 42,004 ಮಂದಿ ದಿನಗೂಲಿಗಳು. ಎಲ್ಲರೂ ಕಟ್ಟಡದ ಕೆಲಸದವರಲ್ಲ, ಒಂದೊಂದು ಸಾವಿಗೂ ಬೇರೆ ಬೇರೆ ಕಾರಣ ಇರುತ್ತವೆ. ಆದರೂ ನಾಲ್ವರಲ್ಲಿ ಒಬ್ಬರು ಅಂದರೆ ಸಣ್ಣ ಮಾತಲ್ಲ.

ಗಾರೆ ಕೆಲಸದವರು ತಾವಾಗಿ ಮನೋವೈದ್ಯರ ಹತ್ತಿರ ಹೋಗುವುದು ಕಡಿಮೆ. ಹೋದರೆ ಒಂದು ದಿನದ ಕೂಲಿ ಹೋಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2008ರಲ್ಲಿ ಶುರುವಾದ 'ಮೇಟ್ಸ್ ಇನ್ ಕನ್‌ಸ್ಟ್ರಕ್ಷನ್' ಇದಕ್ಕೆ ಒಂದು ದಾರಿ ಹುಡುಕಿತು. ಸೈಟ್‌ನ ಕೆಲಸಗಾರರಲ್ಲೇ ಕೆಲವರಿಗೆ ತರಬೇತಿ ಕೊಡುತ್ತಾರೆ. ಅವರ ಹೆಲ್ಮೆಟ್ ಮೇಲೊಂದು ಸ್ಟಿಕ್ಕರ್ ಇರುತ್ತದೆ. ಅವರೇನೂ ಚಿಕಿತ್ಸೆ ಕೊಡುವುದಿಲ್ಲ. ಜೊತೆಗಾರ ಮಂಕಾಗಿದ್ದರೆ ಗಮನಿಸುತ್ತಾರೆ, ಕೇಳುತ್ತಾರೆ, ಸರಿಯಾದವರ ಹತ್ತಿರ ತಲುಪಿಸುತ್ತಾರೆ. ನಮ್ಮಲ್ಲಿ ಈ ತರಬೇತಿ ಮೇಸ್ತ್ರಿಗೆ ಮಾತ್ರ ಕೊಟ್ಟರೆ ಸಾಲದು ಅನ್ನಿಸುತ್ತದೆ. ಮುಂಗಡ ಕೊಟ್ಟವನ ಮುಂದೆ ಯಾರು ಮನಸ್ಸು ಬಿಚ್ಚುತ್ತಾರೆ? ಕಬ್ಬಿಣದ ಸರಳು ಬಗ್ಗಿಸುವ ಬಾರ್ ಬೆಂಡಿಂಗ್‌ನವನೋ ಪಕ್ಕದ ಶೆಡ್‌ನವಳೋ ಆದರೆ ವಾಸಿ.

'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಲು ನಾವು ಹೆದರುತ್ತೇವೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಉತ್ತರ ಹೌದು ಅಂತ ಬಂದರೆ ಅವರನ್ನು ಒಂಟಿಯಾಗಿ ಬಿಡಬಾರದು.

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡವಷ್ಟೇ ಅಲ್ಲ, ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿಗೂ ಆಗುತ್ತದೆ. ತೊಂದರೆ ಒಂದೇ: ಹತ್ತು ಮಂದಿ ಮಲಗುವ ಶೆಡ್‌ನಲ್ಲಿ ಕೂತು ಇಂಥ ಮಾತು ಫೋನಿನಲ್ಲಿ ಆಡುವುದು ಹೇಗೆ? ಸಂಜೆ ಹೊತ್ತು ಸೈಟ್ ಆಫೀಸಿನ ಒಂದು ಕೋಣೆ ಬಿಟ್ಟುಕೊಡಬಹುದು. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ವಸೂಲಾಗುತ್ತದೆ. ಆ ದುಡ್ಡಿನಲ್ಲಿ ಮಧ್ಯಾಹ್ನ ಮಲಗಲು ಒಂದು ಚಪ್ಪರ, ನಾಲ್ಕು ಫ್ಯಾನ್ ಹಾಕಿಸಿದರೂ ನನ್ನ ಆಕ್ಷೇಪವೇನಿಲ್ಲ.